ಗೂಬೆಯ ಮೇಲೂ ಗೂಬೆ ಕೂರಿಸಿದವರು

ಮಾಡದ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ ಕನ್ನಡದಲ್ಲಿ ‘ಗೂಬೆ ಕೂರಿಸುವುದು’ ಎಂಬ ಸೊಗಸಾದ ಮಾತಿದೆ. ಬಹುದೂರದ ಮೆಕ್ಸಿಕೋ ದೇಶದ ಜಾನಪದವನ್ನು ಓದುವಾಗ ಈ ಮಾತು ನನಗೆ ಮತ್ತೆ ಮತ್ತೆ ನೆನಪಾಯಿತು. ಆರೋಗ್ಯ ಲೇಖನಗಳ ನಡುವೆ ಮಾಟಗಾತಿಗೇನು ಕೆಲಸವೆಂದು ವಾಚಕರು ಹುಬ್ಬೇರಿಸಬಹುದು. ಎಳೆಗೂಸುಗಳ ಸಾವಿನ ವಿಷಯವೂ ಇದರೊಡನೆ ಸೇರಿಕೊಂಡಿರುವುದರಿಂದ ಈ ಪುಟಗಳಲ್ಲಿ ಇದಕ್ಕೆ ಎಡೆಯುಂಟೆಂದು ನನ್ನ ಭಾವನೆ.

ಉತ್ತರ ಮೆಕ್ಸಿಕೋದಲ್ಲಿಯೂ ಗಡಿಯಾಚೆಯ ದಕ್ಷಿಣ ಟೆಕ್ಸಾಸಿನಲ್ಲಿಯೂ ಸ್ಪ್ಯಾನಿಷ್ ಮನೆಮಾತಿನ ಮಕ್ಕಳು ಕೇಳುತ್ತ ಬೆಳೆಯುವ ಕಥೆಗಳಲ್ಲಿ ‘ಲಾ ಲೆಚೂಸಾ’ಳ ಕಥೆಯೂ ಒಂದು. ಲೆಚೂಸಾ ಎಂದರೆ ಕಣಜಗೂಬೆ. ಹಗಲಿನಲ್ಲಿ ಸಾಧಾರಣ ಹೆಂಗಸಾಗಿದ್ದು, ಇರುಳಾದೊಡನೆ ಹೆಣ್ಣುಮೋರೆಯ ದೊಡ್ಡ ಗೂಬೆಯಾಗಿ ಹಾರುವ ಮಾಟಗಾತಿ ಅವಳು. ಬಾಗಿಲಾಚೆ ಹಸುಗೂಸಿನಂತೆ ಅಳುತ್ತಾಳೆ. ಕನಿಕರದಿಂದ ಹೊರಬಂದವರನ್ನು ಹೊತ್ತೊಯ್ಯುತ್ತಾಳೆ. ಕುಡಿದು ತಡವಾಗಿ ಮನೆಗೆ ಮರಳುವ ಗಂಡಸರ ಮೇಲೆ ಅವಳಿಗೆ ವಿಶೇಷ ಕಣ್ಣಂತೆ. (ಕಥೆಯ ಈ ಭಾಗವನ್ನು ಕಟ್ಟಿದವರು ಆ ಗಂಡಸರ ಹೆಂಡತಿಯರೇ ಇರಬೇಕೆಂದು ನನ್ನ ಗುಮಾನಿ.) ನಿವಾರಣೆಗಾಗಿ ಹಗ್ಗಕ್ಕೆ ಏಳು ಗಂಟು ಹಾಕಿ ಪ್ರಾರ್ಥಿಸುವುದುಂಟು, ಉಪ್ಪು ಎರಚುವುದುಂಟು, ಅವು ಒದಗದಿದ್ದರೆ ಬಾಯಿಗೆ ಬಂದಂತೆ ಬೈದರೂ ಸಾಕಂತೆ.

ಇಲ್ಲಿಯವರೆಗೆ ಕಥೆ ರಂಜಕವಾಗಿಯೇ ಇದೆ. ನನ್ನ ತಕರಾರೇನಿದ್ದರೂ ಅದರ ಕೊನೆಯ ಭಾಗದ ಬಗೆಗೆ. ಅನೇಕ ಪಾಠಾಂತರಗಳಲ್ಲಿ ಧೈರ್ಯಶಾಲಿಯೊಬ್ಬನು ಗೂಬೆಯತ್ತ ಗುಂಡು ಹಾರಿಸುತ್ತಾನೆ. ಹಕ್ಕಿ ಗಾಯಗೊಂಡು ಮರೆಯಾಗುತ್ತದೆ. ಮರುದಿನ ಬೆಳಗ್ಗೆ, ಊರಂಚಿನಲ್ಲಿ ಒಂಟಿಯಾಗಿ ಬಾಳುವ ಮುದುಕಿಯೊಬ್ಬಳು ಕಾಲಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತ ಬರುತ್ತಾಳೆ. ಕೇಳುಗರಿಗೆ ಎಲ್ಲವೂ ಅರ್ಥವಾಗುತ್ತದೆ. ಆಕೆ ಎಲ್ಲಿಯೋ ಜಾರಿ ಬಿದ್ದಿರಬಹುದು, ಮೂಳೆ ಸವೆದ ವಯಸ್ಸಿನಲ್ಲಿ ಮಂಡಿನೋವು ಕೆರಳಿರಬಹುದು ಎಂಬ ಯೋಚನೆಗೆ ಕಥೆಯಲ್ಲಿ ಆಸ್ಪದವೇ ಇಲ್ಲ. ಗಂಡನಿಲ್ಲದ, ಮಕ್ಕಳಿಲ್ಲದ, ಪರವಾಗಿ ಒಂದು ಮಾತಾಡುವವರಿಲ್ಲದ ಹೆಂಗಸಿನ ಹೆಗಲೇ ಈ ಗೂಬೆ ಕೂರುವುದಕ್ಕೆ ಹೇಳಿ ಮಾಡಿಸಿದ ಕೊಂಬೆ.

ಈ ಭಯದ ಬೇರುಗಳು ಎರಡು ಖಂಡಗಳಲ್ಲಿವೆ. ಮೆಕ್ಸಿಕೋದ ಮೂಲನಿವಾಸಿಗಳಾದ ನಾವಾ ಜನರಿಗೆ ಗೂಬೆಯು ಮೃತ್ಯುಲೋಕದ ಒಡೆಯನ ದೂತ. 16ನೆಯ ಶತಮಾನದಲ್ಲಿ ಅವರ ಆಚಾರವಿಚಾರಗಳನ್ನು ಬರೆದಿಟ್ಟ ಸ್ಪೇನಿನ ಪಾದ್ರಿ ಸಹಾಗೂನನು ಗೂಬೆಯ ಕೂಗಿನ ಅಪಶಕುನವನ್ನೂ ದಾಖಲಿಸಿದ್ದಾನೆ. ನಾವಾ ಭಾಷೆಯಲ್ಲಿ ಕ್ಷುದ್ರಮಾಂತ್ರಿಕನಿಗೆ ‘ಗೂಬೆಮನುಷ್ಯ’ ಎಂಬರ್ಥದ ಹೆಸರಿತ್ತು. ಸೈತಾನನಿಗೊಂದು ದೇಶ್ಯಶಬ್ದವನ್ನು ಹುಡುಕುತ್ತಿದ್ದ ಪಾದ್ರಿಗಳು ಅದನ್ನೇ ಎತ್ತಿಕೊಂಡರು. ಇತ್ತ ಯೂರೋಪಿನಲ್ಲಿ, ತೊಟ್ಟಿಲ ಕೂಸುಗಳ ರಕ್ತ ಹೀರುವ ಇರುಳಹಕ್ಕಿಗಳನ್ನು ರೋಮನ್ ಕವಿ ಓವಿಡನು ಎರಡು ಸಾವಿರ ವರ್ಷಗಳ ಹಿಂದೆಯೇ ವರ್ಣಿಸಿದ್ದನು. ಸ್ಪೇನಿನ ಹಡಗುಗಳೊಡನೆ ಈ ಹೆದರಿಕೆಯೂ ಸಮುದ್ರ ದಾಟಿ ಆ ಹೆದರಿಕೆಯೊಡನೆ ಬೆರೆಯಿತು.

ಆದರೆ ಅದೇ ಸ್ಪೇನಿನಲ್ಲಿ ವಿವೇಕಿಯೊಬ್ಬನೂ ಇದ್ದನೆಂಬುದನ್ನು ನಾವು ಮರೆಯಲಾಗದು. 1610ರಲ್ಲಿ ಲೊಗ್ರೊನ್ಯೊ ನಗರದಲ್ಲಿ ಮಾಟದ ಆರೋಪದ ಮೇಲೆ ಆರು ಮಂದಿಯನ್ನು ಸಜೀವವಾಗಿ ಸುಡಲಾಯಿತು. ಅಲ್ಲಿನ ಧರ್ಮನ್ಯಾಯಾಲಯದ ಮೂವರು ಅಧಿಕಾರಿಗಳಲ್ಲಿ ಕಿರಿಯನಾದ ಅಲೊನ್ಸೊ ದೆ ಸಲಾಸಾರ್ ಫ್ರಿಯಾಸನ ಮನಸ್ಸಿಗೆ ಇದು ಒಪ್ಪಲಿಲ್ಲ. ಮರುವರ್ಷ ಅವನು ಹಳ್ಳಿಹಳ್ಳಿಗಳನ್ನು ಸುತ್ತಿ, ಸಾವಿರಕ್ಕೂ ಮೇಲ್ಪಟ್ಟು ಜನರನ್ನು ವಿಚಾರಿಸಿದನು. ಮಾಟದ ಲೇಪಗಳೆಂದು ತಂದುಕೊಟ್ಟವುಗಳನ್ನು ಪರೀಕ್ಷೆಗೆ ಒಡ್ಡಿಸಿದನು. ಅವುಗಳಿಂದ ಯಾವ ಕೇಡೂ ಆಗಲಿಲ್ಲ. ಜನರು ಮಾಟಗಾತಿಯರ ಮಾತೆತ್ತುವವರೆಗೆ ಆ ಸೀಮೆಯಲ್ಲಿ ಮಾಟಗಾತಿಯರೇ ಇರಲಿಲ್ಲವೆಂಬ ಅಭಿಪ್ರಾಯವನ್ನು ಅವನು ತನ್ನ ವರದಿಯಲ್ಲಿ ಬರೆದನು. 1614ರಲ್ಲಿ ಹೊರಟ ಹೊಸ ನಿಯಮಗಳಿಂದಾಗಿ ಆ ನ್ಯಾಯಾಲಯದ ವತಿಯಿಂದ ಮಾಟಗಾತಿಯರನ್ನು ಸುಡುವುದು ಬಹುಮಟ್ಟಿಗೆ ನಿಂತೇಹೋಯಿತು. ಕಥೆ ಮಾತ್ರ ನಿಲ್ಲಲಿಲ್ಲ.

ಇನ್ನು ಕೂಸುಗಳ ಮಾತು. ಮಧ್ಯ ಮೆಕ್ಸಿಕೋದ ತ್ಲಾಸ್ಕಾಲಾ ಪ್ರಾಂತದಲ್ಲಿ ಲೆಚೂಸಾಳ ಸೋದರಿಯೆನ್ನಬಹುದಾದ ಇನ್ನೊಬ್ಬಳಿದ್ದಾಳೆ; ಹಕ್ಕಿಯ ರೂಪದಲ್ಲಿ ಮನೆ ಹೊಕ್ಕು ಮಲಗಿದ ಶಿಶುವಿನ ರಕ್ತ ಹೀರುವವಳು. ಮಾನವಶಾಸ್ತ್ರಜ್ಞರಾದ ನುಟಿನಿ ಮತ್ತು ರಾಬರ್ಟ್ಸ್ ಈ ನಂಬಿಕೆಯನ್ನು ಕುರಿತು 1993ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ರಾತ್ರಿ ಚೆನ್ನಾಗಿದ್ದು ಬೆಳಗ್ಗೆ ಸತ್ತಿರುವ ಕೂಸು. ಮೈಮೇಲೆ ಕಪ್ಪು ಕಲೆಗಳು. ಇಂತಹ ಸಾವುಗಳಲ್ಲಿ ಹಲವಕ್ಕೆ ಮಗ್ಗುಲಲ್ಲಿ ಮಲಗಿಸಿಕೊಂಡಾಗ ಆಕಸ್ಮಿಕವಾಗಿ ಉಸಿರುಗಟ್ಟಿದ್ದೇ ಕಾರಣವಿರಬೇಕೆಂದು ಅವರು ತರ್ಕಿಸಿದರು.

ಈ ನಂಬಿಕೆಯನ್ನು ಕಂಡು ನಗುವವರು ಅವಸರಗೇಡಿಗಳೆಂದೇ ನಾನು ಹೇಳುತ್ತೇನೆ. ದಿನವೆಲ್ಲ ದುಡಿದು ದಣಿದು ಕೂಸನ್ನು ಎದೆಗವಚಿಕೊಂಡು ಮಲಗಿದ ತಾಯಿಗೆ, ಬೆಳಗಾಗುತ್ತಲೇ ‘ನೀನೇ ಕೊಂದೆ’ ಎಂದು ಯಾರು ಹೇಳಬಲ್ಲರು? ‘ಮಾಟಗಾತಿ ಬಂದಿದ್ದಳು’ ಎಂಬ ಮಾತು ಆ ಮನೆಯವರಿಗೆ ದೊಡ್ಡ ಸಾಂತ್ವನ. ಆದರೆ ಆ ಸಾಂತ್ವನಕ್ಕೆ ಬೆಲೆ ತೆರಬೇಕಾದವಳು ಬೇರೊಬ್ಬ ಹೆಂಗಸು. ಇನ್ನೊಂದು ನಷ್ಟವೂ ಉಂಟು: ಕಾರಣ ಮಾಟವೆಂದಾದ ಮೇಲೆ ಮುಂದಿನ ಕೂಸನ್ನು ಹೇಗೆ ಮಲಗಿಸಬೇಕೆಂದು ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ 1994ರಿಂದ ಶಿಶುಗಳನ್ನು ಬೆನ್ನಿನ ಮೇಲೆಯೇ ಮಲಗಿಸಿರೆಂದು ಪ್ರಚಾರ ನಡೆಸಿದ ಮೇಲೆ, ನಿದ್ದೆಯಲ್ಲಿ ಹಠಾತ್ತಾಗಿ ಸಂಭವಿಸುವ ಶಿಶುಮರಣಗಳು ಕೆಲವೇ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿದವು. ಗಟ್ಟಿಯಾದ ಸಮತಟ್ಟು ಹಾಸಿಗೆ. ದಿಂಬು ಬೇಡ, ಮೆತ್ತನೆಯ ಹೊದಿಕೆಗಳ ರಾಶಿ ಬೇಡ. ಕೋಣೆಯಲ್ಲಿ ಬೀಡಿ ಸಿಗರೇಟಿನ ಹೊಗೆ ಬೇಡ. ಕೂಸು ತಾಯಿಯ ಕೋಣೆಯಲ್ಲಿಯೇ ಇರಲಿ, ಆದರೆ ತನ್ನದೇ ಹಾಸಿಗೆಯಲ್ಲಿರಲಿ. ಏಳು ಗಂಟಿನ ಹಗ್ಗಕ್ಕಿಂತ ಸುಲಭವಾದ ಉಪಾಯಗಳಿವು.

ಹಕ್ಕಿಯ ಪಕ್ಷವಾಗಿಯೂ ಎರಡು ಮಾತು ಹೇಳದಿದ್ದರೆ ಅನ್ಯಾಯವಾದೀತು. ಕಣಜಗೂಬೆಯ ಬಿಳಿಯ, ಹೃದಯಾಕಾರದ ಮೋರೆ ಮನುಷ್ಯರ ಮುಖವನ್ನು ನೆನಪಿಸುವುದು ದಿಟ. ಅದು ಇತರ ಗೂಬೆಗಳಂತೆ ಗೂಕ್ ಎನ್ನದೆ ಕರ್ಕಶವಾಗಿ ಚೀರುತ್ತದೆ. ರೆಕ್ಕೆಗಳ ಅಂಚು ನಯವಾದ ಕುಚ್ಚಿನಂತಿರುವುದರಿಂದ ಹಾರಾಟ ನಿಶ್ಶಬ್ದ. ಪಾಳುಮನೆ, ಇಗರ್ಜಿಯ ಗಂಟೆಗೋಪುರಗಳಲ್ಲಿ ಅದರ ವಾಸ. ಭೂತಕ್ಕೆ ಬೇಕಾದ ಲಕ್ಷಣಗಳೆಲ್ಲ ಪಾಪ, ಅದಕ್ಕಿವೆ. ಆದರೆ ಅದು ಹೊತ್ತೊಯ್ಯುವುದು ಇಲಿಗಳನ್ನು. ಬೆಳೆಯನ್ನು ತಿನ್ನುವ, ರೋಗಗಳನ್ನು ಹರಡುವ ಇಲಿಗಳನ್ನು. ಇಸ್ರೇಲಿನ ರೈತರು 1980ರ ದಶಕದಿಂದ ಹೊಲಗಳಲ್ಲಿ ಪೆಟ್ಟಿಗೆಗೂಡುಗಳನ್ನು ನಿಲ್ಲಿಸಿ ಈ ಹಕ್ಕಿಯನ್ನು ಕರೆದು ಕೂರಿಸಿಕೊಂಡಿದ್ದಾರೆ.

ಕಥೆಯನ್ನೇ ಕೈಬಿಡಬೇಕೆಂದು ನಾನು ಹೇಳಲಾರೆ. ಕತ್ತಲಲ್ಲಿ ಮಕ್ಕಳು ಹೊರಗೆ ಅಲೆಯದಂತೆ ಲೆಚೂಸಾ ಕಾವಲಿರಲಿ, ಕುಡುಕರನ್ನು ಬೇಗನೆ ಮನೆಗೆ ಅಟ್ಟಲಿ. ಹೇಳುವವರು ಆ ಮರುದಿನದ ಬೆಳಗ್ಗೆಯನ್ನೂ ಕುಂಟುವ ಮುದುಕಿಯನ್ನೂ ಬಿಟ್ಟು ಹೇಳಲಿ ಎಂಬುದಷ್ಟೇ ನನ್ನ ಅರಿಕೆ.