ಮೊದಲು ಪಾಠ, ಆಮೇಲೆ ಹಣ ಎನ್ನುವವರಿಗೆ

ಹೆಣ್ಣು ಎಂಬ ಒಂದೇ ಕಾರಣಕ್ಕೆ ಸಿನಿಮಾ ಮಾಡಲು ಸರ್ಕಾರ ಹಣ ಕೊಡಬಾರದು. ಪರಿಶಿಷ್ಟ ಜಾತಿ, ಪಂಗಡದ ನಿರ್ದೇಶಕರಿಗೆ ಕೊಡುವ ಮುನ್ನ ಪರಿಣತರಿಂದ ಕನಿಷ್ಠ ಮೂರು ತಿಂಗಳ ತರಬೇತಿ ಆಗಬೇಕು. ಒಬ್ಬರಿಗೆ ಒಂದೂವರೆ ಕೋಟಿ ಹೆಚ್ಚಾಯಿತು, ಐವತ್ತು ಲಕ್ಷ ಸಾಕು. 2025ರ ಆಗಸ್ಟ್‌ನಲ್ಲಿ ತಿರುವನಂತಪುರದಲ್ಲಿ ನಡೆದ ಕೇರಳದ ಚಲನಚಿತ್ರ ನೀತಿ ಸಮಾವೇಶದಲ್ಲಿ ಮಲಯಾಳಂ ನಿರ್ದೇಶಕ ಅಡೂರು ಗೋಪಾಲಕೃಷ್ಣನ್ ಆಡಿದ ಮಾತಿನ ಸಾರಾಂಶ ಇದು. ಅದೇ ಸಭೆಯಲ್ಲಿ ಗಾಯಕಿ ಪುಷ್ಪಾವತಿ ಎದ್ದು ಪ್ರತಿಭಟಿಸಿದರು, ಪತ್ರಿಕೆಗಳು ಕೆಲವು ದಿನ ಚರ್ಚಿಸಿದವು. ಅಡೂರರ ಮನಸ್ಸಿನಲ್ಲಿ ಜಾತಿಯ ತಾತ್ಸಾರ ಇತ್ತೇ, ಹೆಣ್ಣಿನ ಬಗ್ಗೆ ಅಸಡ್ಡೆ ಇತ್ತೇ ಎಂಬುದರ ಸುತ್ತಲೇ ಆ ಚರ್ಚೆ ತಿರುಗಿತು. ಅವರ ಮನಸ್ಸಿನಲ್ಲಿ ಏನಿತ್ತೆಂದು ಹೊರಗಿನವರು ತೀರ್ಮಾನಿಸಲಾಗದು. ಆದರೆ ಅವರ ಮಾತಿನ ಹಿಂದಿನ ತರ್ಕ ಅವರೊಬ್ಬರದಲ್ಲ. ಬೆಂಗಳೂರಿನ ಗಾಂಧಿನಗರದ ಚಿತ್ರ ಕಚೇರಿಗಳಲ್ಲೂ ಮುಂಬೈಯ ಸ್ಟುಡಿಯೊಗಳಲ್ಲೂ ಸರ್ಕಾರದ ಸಮಿತಿಗಳಲ್ಲೂ ಅದು ಸಜ್ಜನಿಕೆಯ ದನಿಯಲ್ಲಿ ಕೇಳಿಬರುತ್ತದೆ: ಹೆಣ್ಣುಮಕ್ಕಳು ಬರಲಿ, ಆದರೆ ಮೊದಲು ಕಲಿತು ಬರಲಿ. ಈ ತರ್ಕ ತಪ್ಪು. ಚಿತ್ರೋದ್ಯಮದಲ್ಲಿ ಹೆಣ್ಣುಮಕ್ಕಳಿಗೆ ವ್ಯವಹಾರದ ತರಬೇತಿ ಖಂಡಿತ ಬೇಕು. ಆದರೆ ಬಂಡವಾಳಕ್ಕೆ ಮುಂಚೆ ಇಡುವ ತರಬೇತಿ, ಅವರನ್ನು ಬಾಗಿಲ ಹೊರಗೆ ಇನ್ನಷ್ಟು ವರ್ಷ ಕಾಯಿಸುವ ಉಪಾಯವಾಗುತ್ತದೆ.

ಅಡೂರರ ಜೀವನವೇ ಇದಕ್ಕೆ ಮೊದಲ ಸಾಕ್ಷಿ. ಅವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರು. 1972ರ ಅವರ ಮೊದಲ ಕಥಾಚಿತ್ರ ‘ಸ್ವಯಂವರಂ’ಗೆ ಸರ್ಕಾರಿ ಸಂಸ್ಥೆಯಾದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಸಾಲ ಕೊಟ್ಟಿತ್ತು. ಆ ಕಾಲದ ಹೊಸ ಅಲೆಯ ಗಂಡಸರು ಹಲವರು ಹೀಗೆ ಸಾರ್ವಜನಿಕ ಹಣದಿಂದಲೇ ಮೊದಲ ಹೆಜ್ಜೆ ಇಟ್ಟರು, ಇಟ್ಟದ್ದು ನಾಡಿಗೆ ಒಳ್ಳೆಯದೇ ಆಯಿತು. ಅವರಿಗೆ ಸಂಸ್ಥೆಯ ಪದವಿ ಇತ್ತಲ್ಲ, ಅದೂ ತರಬೇತಿಯೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಆ ಪದವಿ ಕಲಿಸಿದ್ದು ಕಲೆಯನ್ನು. ಸಾಲ ತೀರಿಸುವುದು, ವಿತರಕನ ಜೊತೆ ಚೌಕಾಸಿ ಮಾಡುವುದು, ಹಕ್ಕು ಬಿಟ್ಟುಕೊಡದೆ ಹಣ ತರುವುದು ಇವೆಲ್ಲ ಅವರು ಕಲಿತದ್ದು ಕೈಯಲ್ಲಿ ಹಣ ಇದ್ದಾಗ, ಚಿತ್ರ ಮಾಡುತ್ತ. ಹಣದ ವಿದ್ಯೆಯನ್ನು ಹಣವಿಲ್ಲದೆ ಕಲಿಯುವುದು ಕೆರೆಗೆ ಇಳಿಯದೆ ಈಜು ಕಲಿತಂತೆ.

ಇನ್ನು ಆಕ್ಷೇಪಕ್ಕೆ ಗುರಿಯಾದ ಯೋಜನೆಯ ವಿಷಯ. ಕೇರಳ ರಾಜ್ಯ ಚಲನಚಿತ್ರ ಅಭಿವೃದ್ಧಿ ನಿಗಮ ವರ್ಷಕ್ಕೆ ಇಬ್ಬರು ಮಹಿಳಾ ನಿರ್ದೇಶಕರಿಗೆ ತಲಾ ಒಂದೂವರೆ ಕೋಟಿಯವರೆಗೆ ಹೂಡುತ್ತದೆ. ಚಿತ್ರಕಥೆಯನ್ನು ತಜ್ಞರು ಓದಿ ಆರಿಸಿದ ಮೇಲೆಯೇ ಹಣ ಬರುತ್ತದೆ. ಹೆಣ್ಣಾಗಿದ್ದರೆ ಸಾಕು ಎಂಬ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ. ಈ ಯೋಜನೆಯಿಂದ ತಾರಾ ರಾಮಾನುಜನ್ ಅವರ ‘ನಿಷಿದ್ಧೊ’ ಬಂತು, ಶ್ರುತಿ ಶರಣ್ಯಂ ಅವರ ‘ಬಿ 32 ಮುದಲ್ 44 ವರೆ’ ಬಂತು, ಶಿವರಂಜಿನಿ ಅವರ ‘ವಿಕ್ಟೋರಿಯಾ’ ಬಂತು. ಕೊನೆಯದರ ನಟಿ ಮೀನಾಕ್ಷಿ ಜಯನ್ 2025ರ ಶಾಂಘೈ ಚಿತ್ರೋತ್ಸವದ ಏಷ್ಯಾದ ಹೊಸ ಪ್ರತಿಭೆಗಳ ವಿಭಾಗದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಪಡೆದರು. ಅಂದಮೇಲೆ ಎಡವಿದ್ದು ಎಲ್ಲಿ? ಈ ಯೋಜನೆಯ ಕೆಲವು ನಿರ್ದೇಶಕಿಯರೇ ಬಹಿರಂಗವಾಗಿ ಹೇಳಿದ ದೂರು ಬೇರೆ: ಚಿತ್ರ ಮುಗಿದರೂ ಬಿಡುಗಡೆ ತಡವಾಯಿತು, ಪ್ರಚಾರ ಸಾಲದಾಯಿತು, ತೀರ್ಮಾನಗಳಲ್ಲಿ ತಮ್ಮ ಮಾತು ನಡೆಯಲಿಲ್ಲ. ಕ್ಯಾಮೆರಾ ಹಿಡಿಯಲು ಬಾರದೆ ಹುಟ್ಟಿದ ತೊಡಕಲ್ಲ ಅದು. ಚಿತ್ರದ ಒಡೆತನ ನಿರ್ದೇಶಕಿಯದಾಗಿರಲಿಲ್ಲ, ಆದ್ದರಿಂದ ಹುಟ್ಟಿದ ತೊಡಕು. ತರಬೇತಿ ಬೇಕಿದ್ದರೆ ಬಿಡುಗಡೆಯ ದಿನಾಂಕ ನಿರ್ಧರಿಸುವ ಅಧಿಕಾರಿಗಳಿಗೂ ಬೇಕು.

ಒಡೆತನದ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಇಡೀ ವಿವಾದದಲ್ಲಿ ಯಾರೂ ಮುಟ್ಟದ ಗಂಟು ಅದೇ. ಭಾರತದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಕರ್ತೃ ನಿರ್ದೇಶಕರಲ್ಲ, ನಿರ್ಮಾಪಕರು. 2012ರ ತಿದ್ದುಪಡಿ ಸಾಹಿತ್ಯ ಮತ್ತು ಸಂಗೀತ ರಚಿಸಿದವರಿಗೆ ರಾಯಧನದ ಪಾಲನ್ನು ಕಾಯ್ದುಕೊಟ್ಟಿತು. ನಿರ್ದೇಶನ, ಛಾಯಾಗ್ರಹಣ, ಸಂಕಲನ ಮಾಡಿದವರಿಗೆ ಅಂಥ ರಕ್ಷಣೆ ಕೊಡಲಿಲ್ಲ. ಸ್ಯಾಟಲೈಟ್ ಹಕ್ಕು, ಡಬ್ಬಿಂಗ್ ಹಕ್ಕು, ರೀಮೇಕ್ ಹಕ್ಕು, ಒಟಿಟಿ ಹಕ್ಕು ಎಲ್ಲವೂ ಮೊದಲಿಗೆ ಸೇರುವುದು ಹಣ ಹಾಕಿದವರ ಕೈಗೆ. ಹೀಗಿರುವಾಗ ಹೆಣ್ಣುಮಕ್ಕಳನ್ನು ನಿರ್ದೇಶನದ, ನಟನೆಯ, ಸಂಕಲನದ ತರಗತಿಗಳಿಗೆ ಮಾತ್ರ ಕರೆದರೆ ನಾವು ಅವರನ್ನು ನುರಿತ ಸಂಬಳದಾರರನ್ನಾಗಿ ಮಾಡಬಹುದು, ಯಜಮಾನರನ್ನಾಗಿ ಅಲ್ಲ. ಕಲಿಸಬೇಕಾದ ವ್ಯವಹಾರ ವಿದ್ಯೆ ಯಾವುದೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ: ಕರಾರು ಓದುವುದು, ಬಜೆಟ್ ಬರೆಯುವುದು, ಕಂಪನಿ ನೋಂದಾಯಿಸುವುದು, ಜಿಎಸ್‌ಟಿ ಲೆಕ್ಕ ಇಡುವುದು, ಹಕ್ಕುಗಳನ್ನು ಬಿಡಿಬಿಡಿಯಾಗಿ ಮಾರುವುದು, ಫೈನಾನ್ಸಿಯರನ ಬಡ್ಡಿಗೆ ಸಿಕ್ಕಿ ಚಿತ್ರವನ್ನೇ ಕಳೆದುಕೊಳ್ಳದಿರುವುದು.

ಪುಣೆಯಲ್ಲಿ ಕುಳಿತು ಇದನ್ನು ಬರೆಯುವಾಗ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ಇಲ್ಲಿ ಧನಕವಡಿಯ ಭಾರತಿ ವಿದ್ಯಾಪೀಠದ ಛಾಯಾಗ್ರಹಣ ಶಾಲೆಯಿಂದ ಲಾ ಕಾಲೇಜು ರಸ್ತೆಯಲ್ಲಿರುವ, ಅಡೂರರು ಕಲಿತ ಫಿಲ್ಮ್ ಇನ್‌ಸ್ಟಿಟ್ಯೂಟ್ ಅಂದರೆ ಎಫ್‌ಟಿಐಐವರೆಗೆ ದೃಶ್ಯ ಕಲಿಸುವ ಜಾಗಗಳಿವೆ. ಗಡಿಯಾಚೆಯಿಂದ ಕನ್ನಡದ ಹುಡುಗಿಯರೂ ಇಲ್ಲಿಗೆ ಬರುತ್ತಾರೆ. ಆದರೆ ಎಫ್‌ಟಿಐಐಯ ದೀರ್ಘಾವಧಿ ಕೋರ್ಸುಗಳು ನಿರ್ದೇಶನ, ಛಾಯಾಗ್ರಹಣ, ಸಂಕಲನ, ಶಬ್ದ, ಕಲೆ, ಚಿತ್ರಕಥೆ, ನಟನೆ ಎಂದು ಸಾಗುತ್ತವೆ. ನಿರ್ಮಾಣಕ್ಕೆಂದೇ ಅಂಥ ಕೋರ್ಸ್ ನಡೆಯುವುದು ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆಯಲ್ಲಿ. ನಿರ್ಮಾಣವನ್ನು ಕಲಿಸುವ ವಿದ್ಯೆ ಎಂದೇ ನಾವು ಬಹುಕಾಲ ಪರಿಗಣಿಸಲಿಲ್ಲ. ಅದು ಅಪ್ಪನಿಂದ ಮಗನಿಗೆ, ಮಾವನಿಂದ ಅಳಿಯನಿಗೆ, ಗಂಡಸರ ಕೂಟದಲ್ಲಿ ಮಾತಿನಿಂದ ಮಾತಿಗೆ ಹರಿದುಬಂದ ಗುಟ್ಟು. ಆ ಕೂಟಕ್ಕೆ ಪ್ರವೇಶವಿಲ್ಲದವರಿಗೆ ಯಾವ ತರಗತಿಯೂ ಇರಲಿಲ್ಲ. ಕಲಿಯದೆ ಬಂದಿದ್ದೀರಿ ಎಂದು ಈಗ ಅವರನ್ನೇ ದೂರುವುದು ಅನ್ಯಾಯ.

ಎಫ್‌ಟಿಐಐ ನಿಂತಿರುವುದು ಹಳೆಯ ಪ್ರಭಾತ್ ಸ್ಟುಡಿಯೊದ ನೆಲದಲ್ಲಿ. ‘ಕುಂಕೂ’ ಚಿತ್ರದಲ್ಲಿ ಮುದುಕನನ್ನು ಗಂಡನೆಂದು ಒಪ್ಪದ ಹುಡುಗಿಯಾಗಿ ದೇಶವನ್ನೇ ಬೆರಗುಗೊಳಿಸಿದ್ದ ಶಾಂತಾ ಆಪ್ಟೆ 1939ರಲ್ಲಿ ಇದೇ ಪ್ರಭಾತ್ ಸ್ಟುಡಿಯೊದ ಗೇಟಿನ ಮುಂದೆ ಉಪವಾಸ ಕುಳಿತರು. ತಕರಾರು ಕರಾರಿನದು, ಸಂಬಳದ್ದು. ಮರುವರ್ಷ ಅವರು ‘ಜಾವೂ ಮೀ ಸಿನೇಮಾತ್?’ ಎಂಬ ಪುಸ್ತಕ ಬರೆದು ಚಿತ್ರೋದ್ಯಮ ದುಡಿಯುವವರನ್ನು ನಡೆಸಿಕೊಳ್ಳುವ ಬಗೆಯನ್ನು ವಿವರಿಸಿದರು. ಚಿತ್ರೋದ್ಯಮದ ವ್ಯವಹಾರವನ್ನು ಅಷ್ಟು ಚೆನ್ನಾಗಿ ಬಲ್ಲ ಹೆಣ್ಣಿಗೆ ಯಾವ ಮೂರು ತಿಂಗಳ ಪಾಠ ಬೇಕಿತ್ತು? ತಿಳುವಳಿಕೆ ಇತ್ತು, ಛಲ ಇತ್ತು, ಜನಪ್ರಿಯತೆಯಂತೂ ಧಾರಾಳವಾಗಿತ್ತು. ಇಲ್ಲದ್ದು ಸ್ಟುಡಿಯೊದಲ್ಲಿ ಪಾಲು. ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನಿಸ್ ನಟಿಯಾಗಿ ಉತ್ತುಂಗದಲ್ಲಿದ್ದ ಕಾಲದಲ್ಲೇ ನಿರ್ಮಾಣಕ್ಕೆ ಕೈಹಾಕಿದರು, 1955ರಲ್ಲಿ ಚಿತ್ರವೊಂದನ್ನು ನಿರ್ದೇಶಿಸಿದರು. ದುರ್ಗಾ ಖೋಟೆ 1937ರಷ್ಟು ಹಿಂದೆಯೇ ‘ಸಾಥಿ’ಯನ್ನು ನಿರ್ಮಿಸಿ ನಿರ್ದೇಶಿಸಿದರು. ಹೆಣ್ಣುಮಕ್ಕಳು ಈಗಷ್ಟೇ ಕಲಿಯಲು ಬರುತ್ತಿದ್ದಾರೆ ಎಂಬ ಭಾವನೆಗೆ ಇತಿಹಾಸದ ಆಧಾರವಿಲ್ಲ. ಬರುವ ಪ್ರತಿ ತಲೆಮಾರೂ ಮೊದಲಿಂದ ಶುರುಮಾಡಬೇಕಾಯಿತು, ಏಕೆಂದರೆ ಹಿಂದಿನವರು ಗಳಿಸಿದ್ದು ಸಂಸ್ಥೆಯಾಗಿ ಉಳಿಯಲಿಲ್ಲ.

ಕನ್ನಡದವರು ಇಲ್ಲಿ ಒಂದು ಬಲವಾದ ಆಕ್ಷೇಪ ಎತ್ತಬಹುದು. ನಮ್ಮಲ್ಲಿ ಎಂ.ವಿ. ರಾಜಮ್ಮ 1943ರಲ್ಲೇ ‘ರಾಧಾ ರಮಣ’ ನಿರ್ಮಿಸಿದರು, ಪಂಢರಿಬಾಯಿ ಸ್ವಂತ ಸಂಸ್ಥೆಯಿಂದ ಚಿತ್ರ ತೆಗೆದರು, ಪಾರ್ವತಮ್ಮ ರಾಜ್‌ಕುಮಾರ್ 1975ರ ‘ತ್ರಿಮೂರ್ತಿ’ಯಿಂದ ಶುರುಮಾಡಿ ಹತ್ತಾರು ಚಿತ್ರಗಳ ದೊಡ್ಡ ಸಂಸ್ಥೆ ಕಟ್ಟಿದರು, ಯಾರೂ ಅವರಿಗೆ ವಿಶೇಷ ನಿಧಿ ಕೊಟ್ಟಿರಲಿಲ್ಲವಲ್ಲ ಎಂದು. ಪಾರ್ವತಮ್ಮನವರ ಜಾಣ್ಮೆಗೆ ನನ್ನ ಗೌರವ ಪೂರ್ಣವಾದದ್ದು. ಯಾವ ಕಾದಂಬರಿ ಚಿತ್ರವಾಗಬೇಕು, ಯಾರಿಗೆ ಎಷ್ಟು ಅಡ್ವಾನ್ಸ್, ಯಾವ ಪ್ರಾಂತ್ಯ ಯಾವ ವಿತರಕನಿಗೆ ಎಂಬುದನ್ನು ಅವರಷ್ಟು ಬಿಗಿಯಾಗಿ ನಡೆಸಿದ ಗಂಡಸರೂ ಕಡಿಮೆ. ಆದರೆ ಅವರ ಕಥೆ ಹೇಳುವುದು ಆಕ್ಷೇಪಕ್ಕೆ ಉಲ್ಟಾ ಆದ ಮಾತು. ಅವರು ಯಾವ ತರಗತಿಯಲ್ಲೂ ಕಲಿಯಲಿಲ್ಲ. ನಾಡಿನ ಅತಿ ದೊಡ್ಡ ನಟರಾದ ಪತಿ ರಾಜ್‌ಕುಮಾರ್ ಅವರ ಕಾಲ್‌ಶೀಟ್ ಮನೆಯಲ್ಲೇ ಇತ್ತು, ಅದೇ ಅವರ ಬಂಡವಾಳ. ಬಂಡವಾಳ ಕೈಗೆ ಬಂದ ಮೇಲೆ ಅವರೊಳಗಿದ್ದ ವ್ಯವಹಾರಗಾರ್ತಿ ಹೊರಬಂದರು. ಮೈಸೂರಿನ ಗುಮಾಸ್ತನ ಮಗಳಿಗೋ ರಾಯಚೂರಿನ ರೈತನ ಮಗಳಿಗೋ ಅಂಥ ಕಾಲ್‌ಶೀಟ್ ಎಲ್ಲಿಂದ ಬರಬೇಕು? ಜಾಮೀನಿಗೆ ಬರೆದುಕೊಡಲು ಅವಳ ಹೆಸರಿನಲ್ಲಿ ಜಮೀನೂ ಇರುವುದಿಲ್ಲ. ಕುಟುಂಬದ ಬಾಗಿಲಿನಿಂದ ಮಾತ್ರ ಒಳಗೆ ಬರಲು ಸಾಧ್ಯವಾದರೆ ಅದನ್ನು ಪ್ರತಿಭೆಯ ಗೆಲುವು ಎಂದಷ್ಟೇ ಹೇಳಿ ಸುಮ್ಮನಾಗಲಾಗದು.

ಇಂದಿನ ಲೆಕ್ಕವೂ ಇದನ್ನೇ ಹೇಳುತ್ತದೆ. 2023ರಲ್ಲಿ ಹಲವು ಭಾಷೆಗಳಲ್ಲಿ ಬಂದ ಚಿತ್ರ ಮತ್ತು ಸರಣಿಗಳನ್ನು ಪರಿಶೀಲಿಸಿದ ‘ಓ ವುಮನಿಯಾ’ ವರದಿಯ ಪ್ರಕಾರ ನಿರ್ದೇಶನ, ಛಾಯಾಗ್ರಹಣ, ಸಂಕಲನ, ಬರವಣಿಗೆ, ಪ್ರೊಡಕ್ಷನ್ ಡಿಸೈನ್ ವಿಭಾಗಗಳ ಮುಖ್ಯಸ್ಥರಲ್ಲಿ ಮಹಿಳೆಯರು ಶೇ 15. ನಿರ್ದೇಶಕ ಬಿ.ಆರ್. ಪಂತುಲು ಅವರ ಮಗಳು ಬಿ.ಆರ್. ವಿಜಯಲಕ್ಷ್ಮಿ ಏಷ್ಯಾದ ಮೊದಲ ಮಹಿಳಾ ಛಾಯಾಗ್ರಾಹಕಿ ಎಂದು ಹೆಸರಾಗಿ ಸುಮಾರು ನಾಲ್ಕು ದಶಕ ಕಳೆದ ಮೇಲಿನ ಸ್ಥಿತಿ ಇದು. ‘ಓ ವುಮನಿಯಾ’ ಸರಣಿಯ ವರದಿಗಳಲ್ಲಿ ನನಗೆ ಮುಖ್ಯವೆನಿಸಿದ್ದು ಇನ್ನೊಂದು ಅಂಶ: ಯೋಜನೆಗೆ ಹಣ ಮಂಜೂರು ಮಾಡುವ ಸ್ಥಾನದಲ್ಲಿ ಮಹಿಳೆ ಇದ್ದಾಗ ವಿಭಾಗ ಮುಖ್ಯಸ್ಥೆಯರ ಪಾಲು ಏರುತ್ತದೆ. ಹುಡುಗಿಯರು ದಿಢೀರನೆ ಹೆಚ್ಚು ಕಲಿತದ್ದರಿಂದ ಆದ ಬದಲಾವಣೆಯಲ್ಲ ಅದು. ಸಹಿ ಹಾಕುವ ಕೈ ಬದಲಾದದ್ದರಿಂದ ಆದದ್ದು.

ಪಾಯಲ್ ಕಪಾಡಿಯಾ ಇದೇ ಪುಣೆಯ ಸಂಸ್ಥೆಯಲ್ಲಿ ಕಲಿತವರು. 2024ರಲ್ಲಿ ಕಾನ್ ಉತ್ಸವದ ಗ್ರಾಂ ಪ್ರಿ ಗೆದ್ದ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ ಮುಂಬೈಯ ಮಲಯಾಳಿ ನರ್ಸುಗಳ ಕಥೆ. ಆ ಚಿತ್ರಕ್ಕೆ ಹಣ ಹೊಂದಿಸಲು ಮುಂದೆ ನಿಂತದ್ದು ಫ್ರಾನ್ಸಿನ ಪುಟ್ಟ ನಿರ್ಮಾಣ ಸಂಸ್ಥೆ, ಯುರೋಪಿನ ಹಲವು ನಿಧಿಗಳು ಕೈಜೋಡಿಸಿದವು. ಎಫ್‌ಟಿಐಐ ತರಬೇತಿ, ಹಿಂದಿನ ಚಿತ್ರಗಳಿಗೆ ಸಿಕ್ಕ ಮನ್ನಣೆ ಎಲ್ಲ ಇದ್ದ ಹೆಣ್ಣುಮಗಳೇ ಹಣಕ್ಕಾಗಿ ಅಷ್ಟು ದೂರ ಹೋಗಬೇಕಾಯಿತು. ಇನ್ನು ಕಲಿತು ಬನ್ನಿ ಎಂಬ ಮಾತಿಗೆ ಏನು ಅರ್ಥ ಉಳಿಯಿತು?

ಕರ್ನಾಟಕದಲ್ಲಿ ಈ ಪ್ರಶ್ನೆಯನ್ನು ಈಗಲೇ ಎತ್ತಬೇಕಾದ ಕಾರಣವಿದೆ. 2025-26ರ ರಾಜ್ಯ ಬಜೆಟ್ ಸಿನಿಮಾ ಕ್ಷೇತ್ರಕ್ಕೆ ಉದ್ಯಮದ ಸ್ಥಾನಮಾನ ಘೋಷಿಸಿ, ಕೈಗಾರಿಕಾ ನೀತಿಯ ಸವಲತ್ತುಗಳು ಅದಕ್ಕೂ ಸಿಗುತ್ತವೆ ಎಂದಿತು. ಸರ್ಕಾರದ್ದೇ ಒಟಿಟಿ ವೇದಿಕೆಯ ಮಾತನ್ನೂ ಆಡಿತು. ಸಣ್ಣ ಕೈಗಾರಿಕೆ ನಡೆಸುವ ಮಹಿಳೆಗೆ ರಾಜ್ಯ ಹಣಕಾಸು ಸಂಸ್ಥೆಯಿಂದ ಬಡ್ಡಿ ಸಹಾಯಧನದ ಸಾಲ ಸಿಗುವುದಾದರೆ, ಚಿತ್ರ ನಿರ್ಮಾಣ ಸಂಸ್ಥೆ ನಡೆಸುವ ಮಹಿಳೆಗೂ ಸಿಗಬೇಕು. ಈಗಿನ ಸಹಾಯಧನದ ರೀತಿ ಅವಳಿಗೆ ಒಗ್ಗುವುದಿಲ್ಲ: ಚಿತ್ರ ಮುಗಿದು, ಸೆನ್ಸಾರ್ ಪ್ರಮಾಣಪತ್ರ ಕೈಗೆ ಬಂದ ಮೇಲೆ ಅರ್ಜಿ. ಆ ಹಂತಕ್ಕೆ ಬರುವಷ್ಟು ಸ್ವಂತ ಹಣ ಇದ್ದವರಿಗಷ್ಟೇ ಅದು ನೆರವು. ಕೇರಳದ ಹಾಗೆ ಮೊದಲೇ ಹೂಡುವ ಪುಟ್ಟ ನಿಧಿಯೊಂದನ್ನು ತೆರೆಯಬೇಕು. ಕೇರಳದ ತಪ್ಪು ತಿದ್ದಿ, ಹಕ್ಕುಗಳಲ್ಲಿ ನಿರ್ದೇಶಕಿಗೆ ಪಾಲನ್ನೂ ಬಿಡುಗಡೆಯ ತೀರ್ಮಾನದಲ್ಲಿ ದನಿಯನ್ನೂ ಬರೆದುಕೊಡಬೇಕು.

ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಡವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಬೇಕು. ಕಂತಿನಲ್ಲಿ ಹಣ, ಪ್ರತಿ ಕಂತಿಗೂ ಲೆಕ್ಕಪರಿಶೋಧನೆ, ಅನುಭವಿ ನಿರ್ಮಾಣ ನಿರ್ವಾಹಕರೊಬ್ಬರ ಜೊತೆಗಾರಿಕೆ ಇರಲಿ. ಮೂರು ತಿಂಗಳ ತರಬೇತಿಯೂ ಇರಲಿ, ಆದರೆ ಮಂಜೂರಾತಿ ಪತ್ರ ಕೈಗೆ ಬಂದ ಮೇಲೆ, ಅವಳದೇ ಚಿತ್ರದ ನಿಜವಾದ ಬಜೆಟ್ ಮೇಜಿನ ಮೇಲೆ ಇಟ್ಟುಕೊಂಡು. ಅದೇ ಷರತ್ತು ಮೊದಲ ಚಿತ್ರ ಮಾಡುವ ಗಂಡಸಿಗೂ ಅನ್ವಯಿಸಲಿ. ಮೊದಲ ಚಿತ್ರದಲ್ಲೇ ಮುಳುಗಿದ ಗಂಡು ನಿರ್ಮಾಪಕರು ಗಾಂಧಿನಗರದಲ್ಲಿ ಕಡಿಮೆಯಿಲ್ಲ, ಅವರ ವೈಫಲ್ಯವನ್ನು ಯಾರೂ ಗಂಡುಕುಲದ ವೈಫಲ್ಯ ಎನ್ನಲಿಲ್ಲ. ಐವತ್ತು ಲಕ್ಷ ಸಾಕೆಂಬ ಸಲಹೆಯನ್ನಂತೂ ಒಪ್ಪಲಾಗದು. ಸ್ವೀಡನ್ನಿನ ಚಲನಚಿತ್ರ ಸಂಸ್ಥೆ ಅನ್ನಾ ಸರ್ನರ್ ಮುಂದಾಳತ್ವದಲ್ಲಿ ನೆರವನ್ನು ಗಂಡು ಹೆಣ್ಣಿಗೆ ಸಮನಾಗಿ ಹಂಚುವ ಗುರಿ ಸಾಧಿಸಿದ ಮೇಲೂ, ಹೆಣ್ಣುಮಕ್ಕಳ ಚಿತ್ರಗಳ ಬಜೆಟ್ ಚಿಕ್ಕದಾಗೇ ಉಳಿದಿದೆ ಎಂದು 2018ರಲ್ಲಿ ತಾನೇ ವರದಿ ಮಾಡಿತು. ಚಿಕ್ಕ ಹಣದಲ್ಲಿ ಚಿತ್ರ ಚಿಕ್ಕದಾಗುತ್ತದೆ, ಪ್ರಚಾರ ಆಗುವುದಿಲ್ಲ, ಜನ ಬರುವುದಿಲ್ಲ, ಆಮೇಲೆ ಹೆಣ್ಣುಮಕ್ಕಳ ಚಿತ್ರ ಓಡುವುದಿಲ್ಲ ಎಂಬ ತೀರ್ಪು ಬರುತ್ತದೆ.

ಮಲಯಾಳಂ ಚಿತ್ರರಂಗದಲ್ಲಿ ಹೆಣ್ಣುಮಕ್ಕಳು ಎದುರಿಸುವ ಕಿರುಕುಳವನ್ನು ಪರಿಶೀಲಿಸಿದ ಹೇಮಾ ಸಮಿತಿಯ ವರದಿ 2024ರ ಆಗಸ್ಟ್‌ನಲ್ಲಿ ಹೊರಬಂದಾಗ ಕನ್ನಡ ಚಿತ್ರರಂಗದ ‘ಫೈರ್’ ಸಂಘಟನೆಯವರೂ ಅಂಥದೇ ಸಮಿತಿಗಾಗಿ ಮುಖ್ಯಮಂತ್ರಿಗೆ ಮನವಿ ಕೊಟ್ಟರು. ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಸಭೆ ನಡೆಯಿತು, ಇಂಥ ಸಮಿತಿ ಉದ್ಯಮಕ್ಕೆ ಪೆಟ್ಟು ಎಂಬ ದನಿಗಳೂ ಎದ್ದವು. ಸುರಕ್ಷತೆಯ ಆ ಹೋರಾಟವನ್ನೂ ಬಂಡವಾಳದ ಈ ಪ್ರಶ್ನೆಯನ್ನೂ ಬೇರೆ ಮಾಡಿ ನೋಡುವ ಅಭ್ಯಾಸ ನಮಗಿದೆ. ಒಂದು ಮಾನದ ವಿಷಯ, ಇನ್ನೊಂದು ವ್ಯಾಪಾರದ ವಿಷಯ ಎಂದು. ಆದರೆ ಸೆಟ್ಟಿನಲ್ಲಿ ಕಿರುಕುಳ ಅನುಭವಿಸಿದವಳು ಬಾಯಿ ಮುಚ್ಚಿಕೊಳ್ಳುವುದು ಮುಂದಿನ ಅವಕಾಶ ಕೊಡುವವನು ಅವನೇ ಎಂಬ ಕಾರಣಕ್ಕೆ. ಅವಕಾಶ ಕೊಡುವವರಲ್ಲಿ ಹೆಣ್ಣುಮಕ್ಕಳೂ ಸಾಕಷ್ಟು ಮಂದಿ ಇದ್ದರೆ ಆ ಭಯದ ಹಿಡಿತ ಸಡಿಲವಾಗುತ್ತದೆ. ಆದ್ದರಿಂದ ಉದ್ಯಮದ ಸ್ಥಾನಮಾನದ ನಿಯಮಗಳಲ್ಲಿ ಎರಡನ್ನೂ ಒಟ್ಟಿಗೆ ಬರೆಯಬೇಕು: ಸರ್ಕಾರದ ಒಂದು ರೂಪಾಯಿ ಪಡೆಯುವ ಯಾವ ನಿರ್ಮಾಣ ಸಂಸ್ಥೆಯಾದರೂ ಆಂತರಿಕ ದೂರು ಸಮಿತಿ ರಚಿಸಿದ ದಾಖಲೆ ಕೊಡಬೇಕು, ಮತ್ತು ಆ ರೂಪಾಯಿಯಲ್ಲಿ ಮಹಿಳಾ ನಿರ್ಮಾಪಕರ ಪಾಲು ಎಷ್ಟೆಂಬುದನ್ನು ಇಲಾಖೆ ಪ್ರತಿ ವರ್ಷ ಪ್ರಕಟಿಸಬೇಕು.