ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಬೇಕೆ?

ಹೇಮಾವತಿಯ ದಡದ ಅಕ್ಕಿಹೆಬ್ಬಾಳಿನಿಂದ ರೈಲಿನಲ್ಲಿ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ಕೆಲವು ತಿಂಗಳ ಹಿಂದೆ ತನ್ನ ಅಣ್ಣನ ಲ್ಯಾಪ್‌ಟಾಪನ್ನು ನಮ್ಮ ಮುಂದೆ ತಂದಿರಿಸಿದನು. 2013ರಲ್ಲಿ ಕೊಂಡದ್ದು. ಗುಂಡಿಯೊತ್ತಿದ ಮೇಲೆ ಅದು ಕೆಲಸಕ್ಕೆ ಅಣಿಯಾಗಲು ಏಳು ನಿಮಿಷ ಹಿಡಿಯುತ್ತಿದ್ದಿತು. ಅಂಗಡಿಯವರೊಬ್ಬರು, “ಇದಕ್ಕೆ ಹೊಸ ವಿಂಡೋಸ್ ಹಿಡಿಸುವುದಿಲ್ಲ, ಗುಜರಿಗೆ ಹಾಕಿ ಬೇರೆ ಕೊಳ್ಳಿ” ಎಂದು ತೀರ್ಪು ಕೊಟ್ಟಿದ್ದರಂತೆ. ಹೊಸದರ ಬೆಲೆಯೆಂದರೆ ಆ ಮನೆಯವರಿಗೆ ಒಂದು ಬೆಳೆಯ ಹಣ. “ಇದು ನಿಜವಾಗಿಯೂ ಕೆಟ್ಟಿದೆಯೇ ಸಾರ್?” ಎಂದು ಹುಡುಗನು ಕೇಳಿದನು.

ಕೆಟ್ಟಿರಲಿಲ್ಲ. ಅದರ ಪ್ರೊಸೆಸರು ಕೊಂಡ ದಿನ ಎಷ್ಟು ವೇಗವಾಗಿ ಲೆಕ್ಕ ಮಾಡುತ್ತಿದ್ದಿತೋ ಇಂದೂ ಅಷ್ಟೇ ವೇಗವಾಗಿ ಮಾಡುತ್ತದೆ. ಎತ್ತು ಮುದಿಯಾದಂತೆ ಸಿಲಿಕಾನಿನ ಚೂರು ಮುದಿಯಾಗಿ ಕುಂಟುವುದಿಲ್ಲ. ಹೆಚ್ಚಿದ್ದು ಗಾಡಿಯ ಮೇಲಿನ ಹೊರೆ. ಆ ಹೊರೆಯನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯ ನಮಗಿದೆಯೆಂಬುದನ್ನು ಅನೇಕರು ಮರೆತಿದ್ದಾರೆ.

ಕಂಪ್ಯೂಟರಿನ ಎಲ್ಲ ಅಂಗಗಳನ್ನೂ ಅಂಕೆಯಲ್ಲಿಟ್ಟು ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಅದರ ತಯಾರಕರು 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದರು. ನೋಂದಾಯಿಸಿಕೊಂಡವರಿಗೆ ಮಾತ್ರ ಕೆಲವು ಕಾಲ ಹೆಚ್ಚುವರಿ ದುರಸ್ತಿಯ ಏರ್ಪಾಡಾಯಿತು. 2021ರಲ್ಲಿ ಬಂದ ವಿಂಡೋಸ್ 11 ಆದರೋ ಟಿಪಿಎಂ 2.0 ಎಂಬ ಭದ್ರತಾ ಅಂಗವನ್ನೂ, ಇಂಟೆಲ್ ಪ್ರೊಸೆಸರಾದರೆ ಸಾಮಾನ್ಯವಾಗಿ 2017ರಲ್ಲಿ ಹೊರಬಂದ ಎಂಟನೆಯ ಪೀಳಿಗೆಯದನ್ನೋ ಅದರ ಮುಂದಿನದನ್ನೋ ಬೇಡುತ್ತದೆ. 2013ರ ಯಂತ್ರವು ಎಷ್ಟೇ ಗಟ್ಟಿಯಾಗಿದ್ದರೂ ಆ ಹೊಸ್ತಿಲಿನಲ್ಲೇ ನಿಲ್ಲಬೇಕಾಗುತ್ತದೆ.

ಹಾಗಾದರೆ ಹಳೆಯ ವಿಂಡೋಸನ್ನೇ ಇಟ್ಟುಕೊಂಡರಾಯಿತಲ್ಲ ಎಂದು ವಾಚಕರು ಕೇಳಬಹುದು. ಅಂತರಜಾಲದ ಸಂಪರ್ಕವೇ ಇಲ್ಲದ ಯಂತ್ರಕ್ಕೆ ಅದು ಸಲ್ಲುತ್ತದೆ. ಆದರೆ ದೋಷಗಳು ಬೆಳಕಿಗೆ ಬರುತ್ತಲೇ ಇದ್ದು, ಅವನ್ನು ಮುಚ್ಚುವವರು ಯಾರೂ ಇಲ್ಲದಿರುವಾಗ, ಅದೇ ಯಂತ್ರದಿಂದ ಬ್ಯಾಂಕಿನ ವ್ಯವಹಾರ ಮಾಡುವುದು ಚಿಲಕ ಮುರಿದ ಬಾಗಿಲ ಹಿಂದೆ ಹಣವೆಣಿಸಿದಂತೆ.

ಇನ್ನು ಯಂತ್ರದ ನಿಧಾನದ ವಿಚಾರ. ಇದು ನಮ್ಮ ಶಾಸ್ತ್ರಕ್ಕೆ ಸೇರಿದ್ದರಿಂದ ತುಸು ವಿಸ್ತರಿಸುತ್ತೇವೆ. ಆ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕು ನಿಮಿಷಕ್ಕೆ 5400 ಸುತ್ತು ತಿರುಗುವಂಥದು. ಎಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಮಾಹಿತಿ ಓದುವ ಹೆಡ್ಡಿನ ಕೆಳಗೆ ಬಂದು ನಿಲ್ಲಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಹೆಡ್ಡಿನ ತೋಳು ಸರಿಯಾದ ಪಥಕ್ಕೆ ಸರಿಯಲು ಇನ್ನೊಂದು ಹತ್ತು ಮಿಲಿಸೆಕೆಂಡು ಬೇಕು. ಒಟ್ಟು ಹದಿನೈದೆನ್ನಿ. ರ‍್ಯಾಮಿನಿಂದ ಅದೇ ಮಾಹಿತಿ ಪಡೆಯಲು ಸುಮಾರು 100 ನ್ಯಾನೊಸೆಕೆಂಡು ಸಾಕು. ಇವೆರಡರ ನಿಷ್ಪತ್ತಿ ಒಂದೂವರೆ ಲಕ್ಷ! ರ‍್ಯಾಮಿನ ಕೆಲಸಕ್ಕೆ ಒಂದು ಸೆಕೆಂಡು ಹಿಡಿಯುವುದಾದರೆ ಡಿಸ್ಕಿನ ಕೆಲಸಕ್ಕೆ ಸುಮಾರು ಒಂದೂಮುಕ್ಕಾಲು ದಿನ ಹಿಡಿದಂತಾಯಿತು. ರ‍್ಯಾಮು ಸಾಲದೆ ಹೋದಾಗ ಕಾರ್ಯಾಚರಣ ವ್ಯವಸ್ಥೆಯು ಅದರಲ್ಲಿರುವುದನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ಈ ಓಡಾಟದಲ್ಲಿಯೇ ನಮ್ಮ ಏಳು ನಿಮಿಷಗಳು ಕಳೆದುಹೋಗುತ್ತಿದ್ದವು.

ಆದುದರಿಂದ ಆಯ್ಕೆಯ ಮೊದಲ ಸೂತ್ರ ರ‍್ಯಾಮನ್ನು ನೋಡುವುದು. ಹುಡುಗರು ತೆರೆಯ ಅಂದಚೆಂದ ನೋಡಿ ವ್ಯವಸ್ಥೆಯನ್ನು ಆರಿಸುವುದನ್ನು ಕಂಡಿದ್ದೇವೆ; ಬಣ್ಣ ನೋಡಿ ಹೋರಿ ಕೊಂಡಂತೆ. 4 ಜಿಬಿಯೂ 64 ಬಿಟ್ಟಿನ ಪ್ರೊಸೆಸರೂ ಇದ್ದರೆ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ರೂಪ ಒಳ್ಳೆಯದು. ವಿಂಡೋಸಿಗೆ ಒಗ್ಗಿದ ಕೈಗೆ ಅದು ಅಪರಿಚಿತವೆನಿಸದು. 2 ಜಿಬಿ ಇದ್ದಲ್ಲಿ ಲುಬುಂಟು, ಅಥವಾ ಹಗುರವಾದ ತೆರೆಯೊಡನೆ ಡೆಬಿಯನ್. 32 ಬಿಟ್ಟಿನ ಯಂತ್ರಗಳ ಪಾಡು ಕಷ್ಟದ್ದು. 32 ಬಿಟ್ಟುಗಳಿಂದ ಎಣಿಸಬಹುದಾದ ವಿಳಾಸಗಳು 4,29,49,67,296, ಅಂದರೆ 4 ಜಿಬಿ ಮಾತ್ರವೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಬಹುದು. 2025ರಲ್ಲಿ ಬಂದ ಡೆಬಿಯನ್ 13 ಇಂಥವುಗಳಲ್ಲಿ ಹೊಸದಾಗಿ ಸ್ಥಾಪಿಸುವ ಅನುಕೂಲವನ್ನು ಕೈಬಿಟ್ಟಿತು. 2023ರ ಡೆಬಿಯನ್ 12ನ್ನೋ, ಅದನ್ನಾಧರಿಸಿದ ಆಂಟಿಎಕ್ಸ್ 23ನ್ನೋ ಹಾಕಿ, ಜಾಲದ ಭಾರವಾದ ಪುಟಗಳ ಆಸೆ ಬಿಟ್ಟು, ಬರವಣಿಗೆಗೂ ಪ್ರೋಗ್ರಾಮ್ ಕಲಿಕೆಗೂ ಬಳಸುವುದು ಲೇಸು.

ಲಿನಕ್ಸಿನವರು ಯಾವುದನ್ನೂ ಕೈಬಿಡುವುದಿಲ್ಲವೆಂದು ಹೊಗಳುವವರೊಡನೆ ನಾವು ಸೇರುವುದಿಲ್ಲ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ಬರೆಯತೊಡಗಿದುದೇ ತನ್ನ 386 ಪ್ರೊಸೆಸರಿನ ಯಂತ್ರಕ್ಕಾಗಿ. 2012ರ ಕೊನೆಯಲ್ಲಿ ಅದೇ 386ಕ್ಕೆ ಲಿನಕ್ಸು ವಿದಾಯ ಹೇಳಿತು. ಆದರೆ ಆ ಪ್ರೊಸೆಸರು ಹೊರಬಂದದ್ದು 1985ರಲ್ಲಿ. ಇಪ್ಪತ್ತೇಳು ವರ್ಷ ಹಳೆಯದಾಗುವವರೆಗೂ ಅದನ್ನು ಕೈಬಿಡದವರನ್ನು ನಾಲ್ಕೈದು ವರ್ಷಕ್ಕೆ ಹೊಸ್ತಿಲೆತ್ತರಿಸಿದವರೊಡನೆ ಹೋಲಿಸಿ ನೋಡಬೇಕು.

ಕನ್ನಡಿಗರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಅದನ್ನು ಮರೆಮಾಚುವುದು ಪ್ರಾಮಾಣಿಕವಲ್ಲ. ನುಡಿ, ಬರಹಗಳ ಹಳೆಯ ಕ್ರಮದಲ್ಲಿ ಬೆರಳಚ್ಚಾದ ಪ್ರಶ್ನೆಪತ್ರಿಕೆ, ಅರ್ಜಿ, ಟಿಪ್ಪಣಿಗಳು ನಮ್ಮ ಕಚೇರಿಗಳಲ್ಲಿ ರಾಶಿಯಾಗಿವೆ. ಅಲ್ಲಿ ಕನ್ನಡದ ಅಕ್ಷರ ಇಂಗ್ಲಿಷ್ ಚಿಹ್ನೆಯ ಜಾಗದಲ್ಲಿ ಕುಳಿತಿರುತ್ತದೆ. ಆಯಾ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಗುರುತುಗಳು. ಯುನಿಕೋಡಿನಲ್ಲಾದರೋ ‘ಕ’ ಅಕ್ಷರಕ್ಕೆ 3221 ಎಂಬ ಸಂಖ್ಯೆ ಸ್ಥಿರವಾಗಿದ್ದು, ವಿಂಡೋಸಾಗಲಿ ಲಿನಕ್ಸಾಗಲಿ ಅದನ್ನು ‘ಕ’ ಎಂದೇ ಓದುತ್ತದೆ. ಆದ್ದರಿಂದ ವ್ಯವಸ್ಥೆ ಬದಲಾಯಿಸುವ ಮುನ್ನವೇ ಹಳೆಯ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಅವಶ್ಯ. ಹೊಸದಾಗಿ ಬರೆಯುವುದಕ್ಕೆ ಚಿಂತೆಯಿಲ್ಲ. ಲಿನಕ್ಸಿನಲ್ಲಿ ಕಗಪ ಕೀಲಿಮಣೆಯ ವಿನ್ಯಾಸವಿದೆ. ಗುಬ್ಬಿ, ನವಿಲು ಎಂಬ ಅಂದವಾದ ಫಾಂಟುಗಳೂ ಇವೆ. ಕೇರಳದ ಸರ್ಕಾರಿ ಶಾಲೆಗಳು ಬಹು ಕಾಲದಿಂದ ಉಬುಂಟು ಆಧಾರಿತ ವ್ಯವಸ್ಥೆಯನ್ನು ಬಳಸುತ್ತಿದ್ದು, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಿದ್ದಾರೆ. ಅವರಿಗೆ ಸಾಧ್ಯವಾದುದು ಮಂಡ್ಯ ಜಿಲ್ಲೆಯ ಮಕ್ಕಳಿಗೆ ಏಕೆ ಆಗದು?

ನಮ್ಮ ಲ್ಯಾಪ್‌ಟಾಪಿಗೆ ಬರೋಣ. ಮೊದಲು ಕಡತಗಳನ್ನೆಲ್ಲ ಬೇರೆಡೆ ನಕಲು ಮಾಡಿಟ್ಟೆವು. ಮಿಂಟನ್ನು ಪೆನ್‌ಡ್ರೈವಿನಿಂದಲೇ ನಡೆಸಿ ವೈಫೈ, ಧ್ವನಿ, ಪ್ರಿಂಟರುಗಳನ್ನು ಪರೀಕ್ಷಿಸಿದೆವು. ಹೀಗೆ ನೋಡುವುದರಿಂದ ಒಳಗಿನ ಡಿಸ್ಕಿಗೆ ಯಾವ ಬಾಧೆಯೂ ಇಲ್ಲ. ಪ್ರಿಂಟರು ಮಾತ್ರ ಅರ್ಧ ದಿನ ಕಾಡಿತು. ಅನಂತರ ಹಾರ್ಡ್‌ಡಿಸ್ಕನ್ನು ತೆಗೆದು, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯನ್ನು ಕೂರಿಸಿ, 2 ಜಿಬಿ ರ‍್ಯಾಮಿಗೆ ಇನ್ನೆರಡು ಸೇರಿಸಿದೆವು. ಇದಕ್ಕಾದ ಖರ್ಚು ಹೊಸ ಯಂತ್ರದ ಬೆಲೆಯ ಒಂದು ಸಣ್ಣ ಪಾಲು. ಈಗ ಅದು ಒಂದು ನಿಮಿಷದೊಳಗೆ ಸಿದ್ಧವಾಗುತ್ತದೆ. ಉಬ್ಬಿದ್ದ ಬ್ಯಾಟರಿಯನ್ನು ತೆಗೆದಿಟ್ಟೆವು. ಉಬ್ಬಿದ ಬ್ಯಾಟರಿ ಬೆಂಕಿಗೆ ದಾರಿ. ಅದನ್ನು ಉಳಿಸಿಕೊಳ್ಳುವ ಜಿಪುಣತನ ಸಲ್ಲದು.

ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದವರು ರೂಪಿಸಿದ ಎಕ್ಸ್‌ಪೈಸ್ ಎಂಬ ಪುಟ್ಟ ಪ್ರಯೋಗಸಾಧನವನ್ನು ಆ ಯಂತ್ರಕ್ಕೆ ಜೋಡಿಸಿ, ಹುಡುಗನು ಕಳೆದ ತಿಂಗಳು ಲೋಲಕದ ಆವರ್ತಕಾಲವನ್ನು ಅಳೆದನು. ಗುರುತ್ವ ವೇಗೋತ್ಕರ್ಷದ ಬೆಲೆ 9.6 ಎಂದು ಬಂದಿತು. ಮತ್ತೆ ಮತ್ತೆ ನೋಡಿದರೂ ಅಷ್ಟೇ. ತಪ್ಪು ಕಂಪ್ಯೂಟರಿನದಾಗಿರಲಿಲ್ಲ, ದಾರದ ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆಯದೆ ಕೊಕ್ಕೆಯವರೆಗೆ ಮಾತ್ರ ಅಳೆದಿದ್ದನು.