ಮನೆ ಎದುರಿನ ರಸ್ತೆ ಮನೆಯವರದ್ದೇ? ಲೇಔಟ್ ಪಾರ್ಕಿಂಗ್‌ನ ನಿಜಾಂಶ

‘ನಮ್ಮ ಮನೆ ಎದುರಿನ ರಸ್ತೆಯಲ್ಲಿ ಬೇರೆಯವರು ವಾಹನ ನಿಲ್ಲಿಸುವಂತಿಲ್ಲ’. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಹೊಸ ಲೇಔಟ್‌ಗಳಲ್ಲಿ ಹೀಗೆ ನಂಬಿದವರಿದ್ದಾರೆ. ಕೆಲವರು ಕೆಂಪುಕಲ್ಲು, ಹೂಕುಂಡ ಇಟ್ಟು ಜಾಗ ಹಿಡಿಯುತ್ತಾರೆ. ಕಾನೂನು ಏನು ಹೇಳುತ್ತದೆ? ನಾವು ನೋಡಿದೆವು.

ರಸ್ತೆ ಯಾರದ್ದು?
ಅನುಮೋದಿತ ಲೇಔಟ್‌ನ ರಸ್ತೆಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ಆಮೇಲೆ ಅದು ಸಾರ್ವಜನಿಕ ರಸ್ತೆ. ಮನೆಯವರ ಹಕ್ಕು ಸೈಟಿನ ಗಡಿಗೇ ಮುಗಿಯುತ್ತದೆ. ರಸ್ತೆಗೆ ಕಲ್ಲು ಇಡುವಂತಿಲ್ಲ.

ಹಾಗಾದರೆ ಎಲ್ಲಿ ಬೇಕಾದರೂ ನಿಲ್ಲಿಸಬಹುದೇ?
ಇಲ್ಲ. ಫುಟ್‌ಪಾತ್, ಕ್ರಾಸ್, ತಿರುವುಗಳಲ್ಲಿ ಮತ್ತು ಇನ್ನೊಬ್ಬರ ಗೇಟಿಗೆ ಅಡ್ಡವಾಗಿ ನಿಲ್ಲಿಸುವುದನ್ನು 2017ರ ಮೋಟಾರು ವಾಹನ ಚಾಲನಾ ನಿಯಮಗಳು ನಿಷೇಧಿಸಿವೆ. ಇದಕ್ಕೆ ಬೋರ್ಡ್ ಬೇಕಿಲ್ಲ. ಅಡ್ಡಿಯಾದ ವಾಹನವನ್ನು 1988ರ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಪ್ರಕಾರ ಪೊಲೀಸರು ಎತ್ತಿಸಬಹುದು. ಖರ್ಚು ಮಾಲೀಕರದ್ದೇ.

ನಾವೇ ‘ನೋ ಪಾರ್ಕಿಂಗ್’ ಬೋರ್ಡ್ ಹಾಕಿದರೆ?
ಗೇಟಿನ ಬೋರ್ಡ್ ಬರೀ ವಿನಂತಿ. ವಾಹನ ಎಲ್ಲಿ ನಿಲ್ಲಬಹುದೆಂದು ನಿಗದಿಪಡಿಸುವ ಅಧಿಕಾರವನ್ನು ಅದೇ ಕಾಯ್ದೆಯ 117ನೇ ಸೆಕ್ಷನ್ ಸರ್ಕಾರಕ್ಕೆ ಮತ್ತು ಅದು ಅಧಿಕಾರ ಕೊಟ್ಟವರಿಗೆ ಮಾತ್ರ ನೀಡಿದೆ.

ಇದು ಜೀವದ ಪ್ರಶ್ನೆ ಹೇಗೆ?
ಒಂದು ಸಣ್ಣ ಲೆಕ್ಕ. ಡಾಂಬರು 6 ಮೀಟರ್ ಅಗಲ ಎಂದುಕೊಳ್ಳಿ. ಎರಡೂ ಬದಿಯಲ್ಲಿ ಸುಮಾರು 1.8 ಮೀಟರ್ ಅಗಲದ ಕಾರು ನಿಂತರೆ ನಡುವೆ ಉಳಿಯುವುದು 2.4 ಮೀಟರ್. ಅಗ್ನಿಶಾಮಕ ವಾಹನ ಸುಮಾರು 2.5 ಮೀಟರ್ ಅಗಲ ಇರುತ್ತದೆ. ಅದು ಕ್ರಾಸಿನಲ್ಲೇ ನಿಲ್ಲಬೇಕಾಗುತ್ತದೆ.

ನೆನಪಿಡಿ: ಒಂದೇ ಬದಿಯಲ್ಲಿ ನಿಲ್ಲಿಸಿ, ಕಾಂಪೌಂಡ್ ಒಳಗೆ ಜಾಗವಿದ್ದರೆ ಅದನ್ನೇ ಬಳಸಿ. ದಾರಿ ಕಟ್ಟಿದ್ದರೆ ಜಗಳ ಬೇಡ, ಪೊಲೀಸರಿಗೆ ತಿಳಿಸಿ.